ಹನುಮವ್ವನ ಕರಿಮಣಿ

ಅಕ್ಕಿಯ ಡಬ್ಬಿಯೊಳಗೆ ಮೊಣಕೈವರೆಗೆ ಇಳಿದಿದ್ದ ಸೋನಾಲಿಯ ಕೈ ಅಲ್ಲೇ ನಿಂತಿತು. ಅಳೆಯುವ ಲೋಟ ಅಕ್ಕಿಯಲ್ಲಿ ಹೂತುಹೋಗಿತ್ತು, ಅದನ್ನು ತಡಕುತ್ತಿದ್ದಳು. ಬೆರಳಿಗೆ ಸಿಕ್ಕಿದ್ದು ಪ್ಲಾಸ್ಟಿಕ್ಕಿನ ಸಣ್ಣ ಚೀಲ. ಹೊರಗೆ ತೆಗೆಯುವ ಮೊದಲೇ ಅದೇನೆಂದು ಬೆರಳಿಗೆ ಗೊತ್ತಾಯಿತು.

ಸಾವಾದಾಗಿನಿಂದ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಬಿಲ್ಡಿಂಗಿನವರು ತಂದುಕೊಟ್ಟದ್ದನ್ನೇ ಉಂಡಿದ್ದರು. ನಿನ್ನೆ ಮಣ್ಣಿಗೆ ಹಾಲೆರೆದು ಬಂದ ಮೇಲೆ ನೆಂಟರೆಲ್ಲ ತಂತಮ್ಮ ಲೋಕಲ್ ರೈಲು ಹಿಡಿದು ಹೋದರು. ಇವತ್ತು ಸೋಮವಾರ. ಮುಲುಂಡಿನ ಆ ಬೀದಿಗೆ ಅದು ಎಂದಿನ ಸೋಮವಾರವೇ. ಕೆಳಗೆ ವಾಚ್‌ಮನ್ ಮರೆಪ್ಪ ಯಾರದೋ ಕಾರಿಗೆ ನೀರು ಹೊಡೆಯುತ್ತಿದ್ದ. ಸ್ಕೂಲ್ ಬಸ್ಸು ಹಾರ್ನ್ ಹಾಕುತ್ತಿತ್ತು. ಅತ್ತೆಗೂ ತನಗೂ ಅನ್ನಕ್ಕಿಡಬೇಕು ಎಂದು ಗ್ಯಾಸಿನ ಮೇಲೆ ನೀರಿಟ್ಟು ಅವಳು ಡಬ್ಬಿ ತೆಗೆದಿದ್ದಳು.

ಚೀಲದೊಳಗೆ ಅವಳ ತಾಳಿ ಇತ್ತು. ಬಂಗಾರದ ಎರಡು ಬೊಟ್ಟು, ಎರಡೆಳೆ ಕರಿಮಣಿ. ಎಲ್ಲೂ ಹರಿದಿರಲಿಲ್ಲ. ಲೋಕಲ್ಲಿನಲ್ಲಿ ಕೊರಳಿಗೆ ಕೈ ಹಾಕುವವರಿಗೆ ಹೆದರಿ ಅದನ್ನು ಅಕ್ಕಿಯಲ್ಲಿ ಹುಗಿದಿಟ್ಟವಳು ಅವಳೇ. ಮದುವೆ ಮುಂಜಿಗಷ್ಟೇ ತೆಗೆಯುತ್ತಿದ್ದಳು.

ಶನಿವಾರ ಗಂಡನ ಹೆಣದ ಮುಂದೆ ಅವಳ ಕೊರಳಿಂದ ತಾಳಿ ಬಿಚ್ಚಿದ್ದರು. ಅವಳದು ಇಲ್ಲಿದ್ದರೆ, ಅಂದು ಬಿಚ್ಚಿದ್ದು ಯಾರದನ್ನು?

ಸೋನಾಲಿ ಗ್ಯಾಸ್ ಆರಿಸಿದಳು. ಕೈಗೆ ಅಂಟಿದ್ದ ಅಕ್ಕಿಕಾಳು ಒಂದೊಂದೇ ನೆಲಕ್ಕೆ ಬೀಳತೊಡಗಿದವು.

*

ಶುಕ್ರವಾರ ಸಂಜೆ ಶಾಲೆಯಿಂದ ಬರುವಾಗ ಅವಳ ಗಂಡ ಗುರುಪಾದ ಮಾಸ್ತರ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಳಿತ. ಕುಳಿತವನು ಏಳಲಿಲ್ಲ. ಮೂವತ್ತಾರರ ಎದೆ ಹಾಗೆ ನಿಂತುಬಿಡುತ್ತದೆಂದು ಯಾರು ತಿಳಿದಿದ್ದರು? ಅವನ ತಾಯಿ ಸುಂದ್ರವ್ವ ಇಂಡಿಯಿಂದ ಗಾಡಿ ಹತ್ತಿ ಬರುವವರೆಗೆ ಕಾಯ್ದರು. ಶನಿವಾರ ಮನೆ ತುಂಬ ಹೆಂಗಸರು. ಗಂಡಸರು ಹೊರಗಿನ ಪ್ಯಾಸೇಜಿನಲ್ಲಿ ಪ್ಲಾಸ್ಟಿಕ್ ಖುರ್ಚಿಗಳ ಮೇಲೆ ಕುಳಿತು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು.

"ನನ್ನ ಛತ್ರಿ ಒಯ್ದಿದ್ರು, ನಾಟಕಕ್ಕ ಬೇಕಂತ," ಎಂದ ಶಾಲೆಯ ಸಿಪಾಯಿ ಶೆಟ್ಟೆಪ್ಪ. "ಎರಡು ಕಡ್ಡಿ ಮುರದಿದ್ವು. ತಿರಗಿ ಬಂದಾಗ ನೋಡ್ತೀನಿ, ಹೊಸಾ ಕಡ್ಡಿ!"

"ನಂದು ಲಾಟೀನ," ಎಂದ ಮರೆಪ್ಪ. "ಗ್ಲಾಸ್ ಹಾಕಿಸಿ ಕೊಟ್ರು. ನಮ್ಮಾಕಿ ಅಂತಿದ್ಳು, ಮಾಸ್ತರಿಗೆ ನಮ್ಮ ಮಿಕ್ಸರೂ ಒಯ್ಯಾಕ ಹೇಳ್ರಿ, ಕೆಟ್ಟು ಕುಂತದ ಅಂತ."

ಯಾರೋ ನಕ್ಕರು. ಒಳಗಿನ ಅಳು ಕೇಳಿ ಸುಮ್ಮನಾದರು.

"ಕಡಾ ಒಯ್ದ ವಸ್ತು ಒಂದರೆ ಇಟ್ಕೊಂಡಾರೇನು?" ಎಂದ ಶೆಟ್ಟೆಪ್ಪ. "ಯಾರ ಋಣಾನೂ ಇಲ್ಲ ನೋಡ್ರಿ ಮಾಸ್ತರಿಗೆ."

ಒಳಗೆ ಸುಂದ್ರವ್ವ ಸೊಸೆಯ ಕೊರಳು ಮುಟ್ಟಿ ನೋಡಿದಳು. "ಕೊರಳು ಬರಿದ ಅದ! ತಾಳಿ ಎಲ್ಲಿಟ್ಟೀಯವಾ?"

ಸೋನಾಲಿಗೆ ಪ್ರಶ್ನೆ ಕೇಳಿಸಿತ್ತು. ಉತ್ತರವೂ ಗೊತ್ತಿತ್ತು. ಆದರೆ ಅಕ್ಕಿ ಎಂಬ ಒಂದು ಮಾತು ನಾಲಗೆಗೆ ಬರಲಿಲ್ಲ.

"ಇಲ್ಲೇ ಅದ ತಗೋರಿ," ಎಂದು ಒಬ್ಬಳು, ಶೆಟ್ಟೆಪ್ಪ ತಂದಿಟ್ಟಿದ್ದ ಗುರುಪಾದನ ಬ್ಯಾಗಿನಿಂದ ಕೆಂಪು ಕಾಗದದ ಪೊಟ್ಟಣ ತೆಗೆದಳು. ಸುಂದ್ರವ್ವ ಬಿಚ್ಚಿದಳು. ಹೊಸ ದಾರದಲ್ಲಿ ಪೋಣಿಸಿದ ತಾಳಿ. "ನೋಡ್ರೆವ್ವಾ, ನನ ಮಗಾ ಹೆಂಡತಿ ತಾಳಿಗಿ ಹೊಸಾ ದಾರ ಹಾಕಿಸ್ಕೊಂಡು ಮನೀಗಿ ಬರಾಕತ್ತಿದ್ದ," ಎಂದು ಬಾಯಿ ಬಡಿದುಕೊಂಡಳು.

ಅದನ್ನು ಸೋನಾಲಿಯ ಕೊರಳಿಗೆ ಹಾಕಿದರು. ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ, ಮುಡಿಗೆ ಹೂವು. ಕಡೆಯ ಸಲ ಮುತ್ತೈದೆ ಮಾಡಿ ಹೆಣದ ಮುಂದೆ ಕೂಡಿಸಿದರು. ಆಮೇಲೆ ಒಂದೊಂದೇ ತೆಗೆದರು. ತಾಳಿ ಬಿಚ್ಚಿದವಳು ಸುಂದ್ರವ್ವ. ತಾನೂ ಗಂಡನಿಲ್ಲದವಳು, ಆ ಕೆಲಸ ಅವಳದೇ. ಬಂಗಾರವನ್ನು ಮಣ್ಣಿಗೆ ಹಾಕಬಾರದೆಂದು ಬೊಟ್ಟುಗಳನ್ನು ಬಿಡಿಸಿ ಸೆರಗಿಗೆ ಕಟ್ಟಿಕೊಂಡಳು. ದಾರವನ್ನೂ ಮಣಿಗಳನ್ನೂ ಮಗನ ಬಲಗೈಯಲ್ಲಿಟ್ಟು, ಸೆಟೆದಿದ್ದ ಬೆರಳುಗಳನ್ನು ಮಡಿಸಿದಳು.

ಸೋನಾಲಿ ನೋಡುತ್ತಿದ್ದಳು. ಬೆರಳ ಸಂದಿಯಲ್ಲಿ ಕೆಂಪು ಚುಕ್ಕೆಯೊಂದು ಕಾಣುತ್ತಿತ್ತು. ರಕ್ತ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಅದು ಆ ಕೈಯ ಜೊತೆಗೇ ಮಣ್ಣಿಗೆ ಹೋಯಿತು.

*

"ಅತ್ತೀ, ಸೆರಗಿನ ಬಂಗಾರ ತೋರಿಸ್ರಿ."

ಸುಂದ್ರವ್ವ ಗೋಡೆಗೊರಗಿ ಕುಳಿತಿದ್ದಳು. ಗಂಟು ಬಿಚ್ಚಿ ಅಂಗೈ ಚಾಚಿದಳು. ಸವೆದು ತೆಳ್ಳಗಾದ ಎರಡು ಬೊಟ್ಟು. ಸೋನಾಲಿ ಅದರ ಪಕ್ಕದಲ್ಲಿ ಅಕ್ಕಿಯ ಧೂಳು ಹತ್ತಿದ್ದ ತನ್ನ ತಾಳಿಯನ್ನಿಟ್ಟಳು.

ಮುದುಕಿ ಇದನ್ನೂ ಅದನ್ನೂ ಹೊರಳಿಸಿ ನೋಡಿದಳು. "ಇದು ನಿಂದು. ಮತ್ತ ಇದು?"

"ಹನುಮವ್ವ ಅಂತ. ಅವರ ಶಾಲೀ ಹುಡಿಗಿ ತಾಯಿ. ಆಕಿದು."

"ಆಕಿ ಗಂಡ?"

"ಇದ್ದಾನ."

ಕೆಂಡ ಬಿದ್ದಂತೆ ಸುಂದ್ರವ್ವನ ಕೈ ಹಿಂದೆ ಸರಿಯಿತು. ಬೊಟ್ಟುಗಳು ಚಾಪೆಯ ಮೇಲೆ ಉರುಳಿದವು. "ಜೀವಂತ ಗಂಡನ ತಾಳಿ ಬಿಚ್ಚಿದ್ನಾ ನಾನು? ಈ ಕೈಲೆ? ಹೆಣದ ಮುಷ್ಟ್ಯಾಗ ಇಟ್ನಾ?"

*

ಗುರುವಾರ ಸಂಜೆ ಗುರುಪಾದ ಆ ಸರವನ್ನು ಹೊಸದಾಗಿ ಪೋಣಿಸಿಕೊಂಡು ಬಂದು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದ್ದ.

ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಹತ್ತನೆಯ ಮಕ್ಕಳು ಆಡಲೆಂದು ಅವನು ಸಣ್ಣ ನಾಟಕವೊಂದನ್ನು ಬರೆಯುತ್ತಿದ್ದ. ಬರೆಯುವುದು ಅಂದರೆ ಒಬ್ಬನೇ ಕುಳಿತು ಬರೆಯುವುದಲ್ಲ. ಅಲ್ಲಿ ಓದುವವರೆಲ್ಲ ಬೆಳಿಗ್ಗೆ ರಸ್ತೆ ಕೂಡುವ ನಾಕಾದಲ್ಲಿ ನಿಂತು ಕೂಲಿ ಹಿಡಿಯುವವರ ಮಕ್ಕಳು. ಕೆಲಸ ಸಿಗದೆ ಅಪ್ಪ ಮನೆಗೆ ಮರಳಿದ ದಿನ ಮನೆಯಲ್ಲಿ ಕೇಳಿದ ಒಂದೇ ಒಂದು ಮಾತು ಚೀಟಿಯಲ್ಲಿ ಬರೆದು ತನ್ನಿ, ಹೆಸರು ಬೇಡ ಎಂದಿದ್ದ. ಚೀಟಿಗಳನ್ನು ತನ್ನ ಊಟದ ಡಬ್ಬಿಗೆ ಹಾಕಿ ಕುಲುಕಿ ಹಂಚಿದ್ದ. ತನ್ನ ಮನೆಯ ಮಾತೇ ಕೈಗೆ ಬಂದರೆ ಮರಳಿ ಡಬ್ಬಿಗೆ ಹಾಕಬೇಕು.

"ತನ್ನ ಮನೀದು ತಾನ ಆಡಿದ್ರ ಅದು ಅಳು," ಎನ್ನುತ್ತಿದ್ದ. "ಮತ್ತೊಬ್ಬರ ಮನೀದು ಆಡಿದ್ರ ನಾಟಕ."

ತಾಯಿಯ ಪಾತ್ರ ಮಹಾದೇವಿ ಎಂಬ ಹುಡುಗಿಗೆ ಬಂದಿತ್ತು. ಮಗಳ ಓದು ನಿಲ್ಲಬಾರದೆಂದು ತಾಳಿ ಬಿಚ್ಚಿ ಗಂಡನ ಕೈಗೆ ಕೊಡುವ ತಾಯಿ. ಕೊಡುತ್ತ ಅವಳು ಆಡುವ ಮಾತು: "ದಾರ ಹೋದ್ರ ಹೋಗ್ಲಿ, ಕೊರಳು ಎಲ್ಲಿ ಹೋಗ್ತದ?"

"ತಾಳಿ? ಮತ್ತದೇ ಹಳೇ ಕಥಿ?" ಎಂದು ಸೋನಾಲಿ ನಕ್ಕಿದ್ದಳು.

"ಎಂ.ಎ. ಮಾಡಿದಾಕಿಗೆ ಹಳೇದು. ಆ ಹುಡುಗರಿಗೆ ಹ್ವಾದ ತಿಂಗಳಿಂದು."

ಲೋಕಲ್ಲಿನಲ್ಲಿ ಮಾರುವ ಪ್ಲಾಸ್ಟಿಕ್ ಸರ ಹಾಕಿದರೆ ಮಹಾದೇವಿಗೆ ನಗು ಬರುತ್ತಿತ್ತಂತೆ. ಅವಳ ತಾಯಿ ಹನುಮವ್ವನ ತಾಳಿ ಮರಳು ಹೊರುವಾಗ ಹರಿದಿತ್ತು. ಅರಿಷಿಣದ ಕೊಂಬು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. "ಬೈಕುಲ್ಲಾದಾಗ ಪೋಣಿಸಿ ತರ್ತೀನಿ, ಗ್ಯಾದರಿಂಗ್ ಆಗೂತನಕ ನನ್ನ ಹಂತೇಲಿ ಇರ್ಲಿ ಅಂತ ಕೇಳಿದೆ," ಎಂದಿದ್ದ ಗುರುಪಾದ. "ಸರಾ ಮುಷ್ಟ್ಯಾಗ ಹಿಡಕೊಂಡು ನಿಂತಳು. ಆಮ್ಯಾಲ, ನನ ಮಗಳ ಕೊರಳಿಗಷ್ಟ ಹಾಕ್ರಿ ಸರ್, ಬ್ಯಾರೆ ಯಾರ ಕೊರಳಿಗೂ ಬ್ಯಾಡ ಅಂದ್ಳು."

"ಹ್ಞೂಂ," ಎಂದಿದ್ದಳು ಸೋನಾಲಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

*

"ಆಕಿ ಗಂಡ ಏನ್ ಕೆಲಸ ಮಾಡ್ತಾನ?" ಎಂದು ಸುಂದ್ರವ್ವ ಕೇಳಿದಳು.

"ಖಂಡಪ್ಪ. ದೊಡ್ಡ ಬಿಲ್ಡಿಂಗಿಗೆ ಪರಾಂಚಿ ಕಟ್ತಾನ. ಬಿದರಿಗೆ ಬಿದರು ಕಟ್ಟಿ, ಅದರ ಮ್ಯಾಲ ತಾನ ಹತ್ತಿ ನಿಲ್ಲೂದು."

ಮುದುಕಿ ಕಣ್ಣು ಮುಚ್ಚಿದಳು.

ಸೋನಾಲಿಯ ಆಫೀಸು ಪವಾಯಿಯಲ್ಲಿತ್ತು. ಜಾಹೀರಾತುಗಳನ್ನು ಕನ್ನಡಕ್ಕೆ ತರುವ ಕೆಲಸ. ಕಿಟಕಿಯ ಆಚೆಗೆ ಏಳುತ್ತಿದ್ದ ಕಟ್ಟಡದ ಮೈಗೆ ಕಟ್ಟಿದ ಬಿದಿರಿನ ಮೇಲೆ ಮನುಷ್ಯರು ಇರುವೆಗಳಂತೆ ಸರಿದಾಡುವುದನ್ನು ಅವಳು ಚಹ ಕುಡಿಯುತ್ತ ನೋಡಿದ್ದಳು. ಅವರಿಗೆ ಹೆಸರಿರಬಹುದೆಂದು ಹೊಳೆದಿರಲಿಲ್ಲ.

ಚಾರ್ಜಿಗಿಟ್ಟಿದ್ದ ಗುರುಪಾದನ ಫೋನು ಹೊಡೆದುಕೊಂಡಿತು. ಇಬ್ಬರೂ ಬೆಚ್ಚಿದರು.

"ಅಕ್ಕೋರ, ನಾ ಮಹಾದೇವಿ. ಸೂತಕದ ಮನಿ, ತಾಳಿ ಕೇಳಬ್ಯಾಡ ಅಂದ್ಳ್ರಿ ಅವ್ವ. ಆದ್ರ ಆಕಿ ಶನಿವಾರದಿಂದ ಉಂಡಿಲ್ರಿ."

"ಸರ್ ಹೋಗಿದ್ದಕ್ಕೇನ?"

"ಅದಕ್ಕೂ ಹೌದ್ರಿ. ಅಪ್ಪಗ ಕೆಲಸದಾಗ ಕಾಲು ಜಾರಿತ್ರಿ. ಬೆಲ್ಟ್ ಹಿಡೀತಂತ, ತೊಡಿ ತರಚೇದ ಅಷ್ಟ. ಅವ್ವ ಬ್ಯಾಡ ಅಂದ್ರೂ ಇವತ್ತ ಮತ್ತ ಹತ್ತಾಕ ಹೋಗ್ಯಾನ. ತಾಳಿ ಮನ್ಯಾಗಿಲ್ಲ, ಅದಕ್ಕ ಹಿಂಗ ಅಂತ ಅಳ್ತಾಳ್ರಿ."

"ಯಾವಾಗ ಜಾರಿದ್ದು?"

"ಶನಿವಾರ್ರಿ. ಮಧ್ಯಾಹ್ನ, ಊಟಕ್ಕ ಇಳಿಯೂ ಹೊತ್ತಿಗೆ."

ಸಂಜೆ ತಂದುಕೊಡುತ್ತೇನೆ ಎಂದು ಹೇಳಿ ಸೋನಾಲಿ ಫೋನು ಇಟ್ಟಳು. ಕಾಕತಾಳೀಯ ಎಂಬ ಪದ ತಲೆಗೆ ಬಂತು. ಅದರ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದ ಏನೂ ಆಗಲಿಲ್ಲ.

ಸುಂದ್ರವ್ವ ಚಾಪೆಯ ಮೇಲಿನ ಬೊಟ್ಟುಗಳನ್ನು ಸೆರಗಿನಿಂದ ಹಿಡಿದೆತ್ತಿದಳು, ಬರಿಗೈಯಿಂದ ಮುಟ್ಟಲಿಲ್ಲ. "ಪೋಣಿಸಿ ಕೊಟ್ಟು ಬಾ. ಅಂವ ಕೆಲಸದಿಂದ ಬರೂದ್ರಾಗ ಆಕಿ ಕೊರಳಾಗ ಇರಬೇಕು. ಬಾಯಿ ಬಿಡಬ್ಯಾಡ. ಹೇಳಿದ್ರ ಗಂಡಗಿಂತ ಮೊದಲ ಆಕಿ ಬೀಳ್ತಾಳ."

"ಸೂತಕದಾಗ ನಾ ಹೊರಗ ಹೋಗಬಾರದು ಅಂದಿದ್ರಿ."

"ಹೋಗಬಾರದು. ಹೋಗು."

"ಮತ್ತ ನಂದು?"

ಸುಂದ್ರವ್ವ ಅವಳ ಕೈಯಲ್ಲಿದ್ದ ತಾಳಿಯನ್ನು ನೋಡಲೂ ಒಲ್ಲದೆ ಗೋಡೆಯ ಕಡೆ ತಿರುಗಿದಳು. "ಎಲ್ಲಿತ್ತೋ ಅಲ್ಲೇ ಇಡವ್ವ. ನನ ಕೈಲೆ ಇನ್ನೊಂದು ಬಿಚ್ಚಸಬ್ಯಾಡ."

*

ಬೈಕುಲ್ಲಾ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು ನಿಜಾಮುದ್ದೀನ ಸರ ಪೋಣಿಸುತ್ತಿದ್ದ. ವಿಜಯಪುರದ ಕಡೆಯವನು. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಬಿಗಿಹಿಡಿದಿದ್ದ. ಬೊಟ್ಟು ನೋಡಿದೊಡನೆ ಹುಬ್ಬೇರಿಸಿದ.

"ಇವು ನಮ್ಮ ಮಾಸ್ತರ ತಂದಿದ್ದಲ್ಲೇನ್ರಿ? ಆಗಲೇ ಹರೀತಾ?"

"ಹ್ಞೂಂ."

"ಹರಿಯಂಗಿಲ್ರಿ. ನನ್ನ ದಾರ ಎತ್ತು ಜಗ್ಗಿದ್ರೂ ಹರಿಯಂಗಿಲ್ಲ. ಯಾರೋ ಬಿಚ್ಚ್ಯಾರ." ಕೆಲಸದ ಅಭಿಮಾನಕ್ಕೆ ಪೆಟ್ಟು ಬಿದ್ದಂತೆ ಗೊಣಗಿದ. "ಮಾಸ್ತರ್ ಎಲ್ಲದಾರ?"

"ಊರಿಗೆ ಹೋಗ್ಯಾರ."

"ಬಂದ ಮ್ಯಾಲ ಚಾಕ್ಕ ಬರ್ರಿ ಅಂತ ಹೇಳ್ರಿ. ನಾಟಕದಾಗ ನಂಗೊಂದು ಪಾರ್ಟ್ ಕೊಡ್ತೀನಂದಿದ್ರು, ಸಾಹುಕಾರಂದು. ಇಲ್ಲಿ ಕುಂತ ನಾ ಯಾವಾಗ ಸಾಹುಕಾರ ಆಗ್ಬೇಕ್ರಿ?" ಎಂದು ನಕ್ಕ. ತನ್ನ ಡಬ್ಬಿಯಿಂದ ಹೊಸ ಕರಿಮಣಿ ಹೆಕ್ಕುತ್ತ ತಟ್ಟನೆ ನಿಲ್ಲಿಸಿದ. "ಹವಳ ಎಲ್ಲದರಿ? ನಡಕ ಒಂದು ಹಳೇ ಹವಳ ಇತ್ತು."

ಮಡಿಸಿದ ಬೆರಳುಗಳ ಸಂದಿಯ ಕೆಂಪು ಚುಕ್ಕೆ ಸೋನಾಲಿಯ ಕಣ್ಣೆದುರು ಬಂತು. ಅದು ರಕ್ತವಾಗಿರಲಿಲ್ಲ.

"ಕಳೀತು. ಹೊಸದು ಹಾಕ್ರಿ."

"ಹಾಕ್ತೀನಿ. ಆದ್ರ ಹಾಕ್ಕೊಂಡಾಕಿಗೆ ಗೊತ್ತಾಗ್ತದ ನೋಡ್ರಿ."

*

ಪವಾಯಿಯ ಗುಡ್ಡದ ಬದಿಯ ಕೂಲಿಕಾರರ ವಸ್ತಿಯಲ್ಲಿ ಹನುಮವ್ವನ ಒಂದೇ ಕೋಣೆಯ ಖೋಲಿ ಎಲ್ಲಕ್ಕಿಂತ ಮೇಲಿತ್ತು. ಸೋನಾಲಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕೆಲಸದಿಂದ ಮರಳಿದ ಗಂಡಸರು ಗಲ್ಲಿಯ ನಳದಡಿ ಕಾಲು ತೊಳೆಯುತ್ತಿದ್ದರು. ಹನುಮವ್ವ ಹೊಸ್ತಿಲಲ್ಲಿ ನಿಂತು ಗಲ್ಲಿಯ ತಿರುವನ್ನೇ ನೋಡುತ್ತಿದ್ದಳು. ಕೊರಳಲ್ಲಿ ಹಳದಿ ದಾರ, ಅದರಲ್ಲಿ ಅರಿಷಿಣದ ಕೊಂಬು.

"ಒಳಗ ಬರ್ರಿ ಅಕ್ಕೋರ."

"ಬ್ಯಾಡ. ಸೂತಕ ಅದ."

"ಬಡವರ ಮನ್ಯಾಗ ಸೂತಕಕ್ಕ ಕುಂದ್ರಾಕ ಜಾಗಾ ಎಲ್ಲದರಿ? ಬರ್ರಿ." ಮಾತು ಮುಗಿಯುವ ಮೊದಲೇ ಅವಳ ಕಣ್ಣು ಮತ್ತೆ ತಿರುವಿಗೆ ಹೋಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಮಹಾದೇವಿ ಕೈ ನಿಲ್ಲಿಸಿದಳು.

ಸೋನಾಲಿ ಹೊಸ್ತಿಲಾಚೆ ನಿಂತೇ ಪೊಟ್ಟಣ ಕೊಟ್ಟಳು. ಹನುಮವ್ವ ಅದನ್ನು ಕಣ್ಣಿಗೊತ್ತಿಕೊಂಡು ಬಿಚ್ಚಿದಳು. ಮಣಿಗಳ ಮೇಲೆ ಹೆಬ್ಬೆರಳು ಸರಿಯುತ್ತ ಹೋಯಿತು. ಹವಳದ ಮೇಲೆ ನಿಂತಿತು.

"ಇದಲ್ಲ."

ಹನುಮವ್ವ ಹವಳವನ್ನು ಬೆಳಕಿಗೆ ಹಿಡಿದಳು.

"ನಮ್ಮವ್ವನ ಹವಳ ಅದು. ಈ ಹುಡಿಗಿ ಹಾಲು ಕುಡಿಯೂ ಮುಂದ ಕಚ್ಚಿ ಮೂಲಿ ಹಾರಿಸಿದ್ಳು. ಇದು ನುಣ್ಣಗದ. ನಂದೆಲ್ಲಿ ಅಕ್ಕೋರ?"

ಲೋಕಲ್ಲಿನಲ್ಲಿ ಬರುತ್ತ ಸೋನಾಲಿ ಒಂದು ಸುಳ್ಳು ಕಟ್ಟಿಟ್ಟುಕೊಂಡಿದ್ದಳು. ಪೋಣಿಸುವವನ ಕೈಯಿಂದ ಉರುಳಿತು, ಗಟಾರಕ್ಕೆ ಬಿತ್ತು. ಬಾಯಿ ತೆರೆದಳು. ಹನುಮವ್ವ ಅವಳ ತುಟಿಯನ್ನೇ ನೋಡುತ್ತಿದ್ದಳು, ಮಗಳ ಪರೀಕ್ಷೆಯ ಫಲಿತಾಂಶ ಕೇಳಲು ನಿಂತವಳ ಹಾಗೆ.

"ಅವರ ಕೈಯಾಗ ಅದ," ಎಂದಳು ಸೋನಾಲಿ. "ಮಣ್ಣಾಗ."

ಉಳಿದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಬ್ಯಾಗು. ಅತ್ತೆ. ತನ್ನ ಬಾಯಿಗೆ ಬಾರದೆ ಹೋದ ಒಂದು ಮಾತು.

ಹನುಮವ್ವ ಚೀರಲಿಲ್ಲ. ಅವಳ ಕೈ ಮೇಲೆದ್ದು ಅರಿಷಿಣದ ಕೊಂಬನ್ನು ಬಿಗಿಯಾಗಿ ಹಿಡಿದುಕೊಂಡಿತು. "ನಿಮ್ಮ ಕೊರಳಿಗೆ ಹಾಕಿದ್ರಾ?"

"ಹ್ಞೂಂ."

"ಬಿಚ್ಚಿದ್ರಾ?"

"ಹ್ಞೂಂ."

"ಶನಿವಾರ ಮಧ್ಯಾಹ್ನ."

ಅದು ಪ್ರಶ್ನೆಯಾಗಿರಲಿಲ್ಲ. ನಾಟಕದ ತಾಯಿಯಾದರೆ ಈ ಹೊತ್ತಿಗೆ ಒಂದು ಮಾತು ಆಡುತ್ತಿದ್ದಳು. ಒಳಗೆ ಆ ಮಾತನ್ನು ಬಾಯಿಪಾಠ ಮಾಡಿದ ಹುಡುಗಿ ಹಿಟ್ಟಿನ ಕೈಯಲ್ಲಿ ಕುಳಿತಿದ್ದಳು. ಅವಳೂ ಆಡಲಿಲ್ಲ, ಅವಳ ತಾಯಿಯೂ ಆಡಲಿಲ್ಲ.

ನಳದ ಬಳಿ ಜನ ಕಡಿಮೆಯಾದರು. ಪಕ್ಕದ ಖೋಲಿಯಲ್ಲಿ ದೀಪ ಹತ್ತಿತು. ಮಹಾದೇವಿ ಕೈ ಒರೆಸಿಕೊಂಡು ಫೋನು ಹಚ್ಚಿದಳು. "ಅಪ್ಪ ಎತ್ತವಲ್ಲ."

"ಮತ್ತೊಮ್ಮಿ ಹಚ್ಚು."

"ಹಚ್ಚೀನಿ, ಬರೇ ರಿಂಗ್ ಆಗ್ತದ."

ಸೋನಾಲಿಯೂ ಈಗ ಗಲ್ಲಿಯ ತಿರುವನ್ನೇ ನೋಡುತ್ತಿದ್ದಳು. ಶುಕ್ರವಾರ ಸಂಜೆ ಅವಳು ಹೀಗೆ ಯಾರ ದಾರಿಯನ್ನೂ ನೋಡಿರಲಿಲ್ಲ. ಬರುತ್ತಾನೆ ಎಂದುಕೊಂಡು ಚಹದ ನೀರಿಟ್ಟಿದ್ದಳು, ಅಷ್ಟೆ. ಈಗ ಅವಳಿಗೆ ಗುರುತೇ ಇಲ್ಲದ ಒಬ್ಬ ಮನುಷ್ಯ ಆ ತಿರುವಿನಲ್ಲಿ ಕಾಣಿಸಿಕೊಳ್ಳಬೇಕಿತ್ತು. ಅವನು ಬಾರದಿದ್ದರೆ ತಾನು ಈ ಮೆಟ್ಟಿಲನ್ನು ಹೇಗೆ ಇಳಿಯುವುದು ಎಂದು ಅವಳಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಹನುಮವ್ವನ ಉಸಿರು ಕೇಳುತ್ತಿತ್ತು. ಯಾರೋ ಒಬ್ಬ ತಿರುವಿಗೆ ಬಂದ. ಅವನಲ್ಲ. ಇನ್ನೊಬ್ಬ ಬಂದ. ಅವನೂ ಅಲ್ಲ.

ಮೊದಲು ಕಂಡದ್ದು ಹಳದಿ ಹೆಲ್ಮೆಟ್ಟು, ಆಮೇಲೆ ಹೆಗಲ ಮೇಲಿನ ಹಗ್ಗದ ಸಿಂಬೆ. ಒಂದು ಕಾಲು ಎಳೆಯುತ್ತ ಖಂಡಪ್ಪ ಹತ್ತಿ ಬಂದ.

"ಏನಿದು, ಎಲ್ಲಾರೂ ಬಾಗಿಲಿಗೆ ನಿಂತೀರಿ? ಪಗಾರ ಇವತ್ತಲ್ಲಲೇ!" ಎಂದವನು ಸೋನಾಲಿಯನ್ನು ಕಂಡು ಹೆಲ್ಮೆಟ್ಟು ತೆಗೆದ. "ಮಾಸ್ತರಂಥಾ ಮನಶ್ಯಾ ಸಿಗಂಗಿಲ್ರಿ ಅಕ್ಕೋರ."

ಸೋನಾಲಿ ಹಿಂದೆ ಸರಿದಳು. ಇನ್ನು ತಾನು ಅಲ್ಲಿ ನಿಲ್ಲಬಾರದು, ತಾಳಿ ಕಟ್ಟುವಲ್ಲಿ ತನ್ನಂಥವಳ ನೆರಳೂ ಬೀಳಬಾರದು. ಒಂದು ಮೆಟ್ಟಿಲು ಇಳಿದಿದ್ದಳು, ಹನುಮವ್ವ ಅವಳ ಮುಂಗೈ ಹಿಡಿದಳು. ಸಿಮೆಂಟು ತಿಂದ ಬೆರಳುಗಳು ಒರಟಾಗಿದ್ದವು.

"ಎಲ್ಲಿಗಿ ಹೊಂಟ್ರಿ? ಬಿಚ್ಚಿದ್ದು ನಿಮ್ಮ ಕಣ್ಣ ಮುಂದ. ಕಟ್ಟೂದೂ ನಿಮ್ಮ ಕಣ್ಣ ಮುಂದ ಆಗ್ಲಿ." ಪೊಟ್ಟಣವನ್ನು ಮರಳಿ ಸೋನಾಲಿಯ ಕೈಯಲ್ಲಿಟ್ಟಳು. "ಇಸ್ಕೊಂಡು ಹೋದಾವ್ರು ಇಲ್ಲ. ನೀವ ಅಂವನ ಕೈಯಾಗ ಕೊಡ್ರಿ."

"ಏನ್ ಬಿಚ್ಚಿದ್ದು?" ಎಂದ ಖಂಡಪ್ಪ.

"ನೀ ಕೈ ತೊಳಕೊಂಡು ಬಾ."

"ಮತ್ತೊಮ್ಮಿ ಲಗ್ನಾ ಏನು? ಊಟ ಯಾರ ಮ್ಯಾಲ?" ಎನ್ನುತ್ತ ಅವನು ನಳದಡಿ ಕೈಯೊಡ್ಡಿದ. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ.

ಒದ್ದೆ ಅಂಗೈ ಚಾಚಿದ. ಹಗ್ಗ ಜಗ್ಗಿ ಜಗ್ಗಿ ಅದರಲ್ಲಿ ಗೆರೆಗಳೇ ಉಳಿದಿರಲಿಲ್ಲ. ಸೋನಾಲಿ ಕರಿಮಣಿ ಸರವನ್ನು ಅದರ ಮೇಲಿಟ್ಟಳು. ತನ್ನ ಬೆರಳು ಅವನಿಗೆ ತಾಗದಂತೆ ಇಟ್ಟಳು.

ಹನುಮವ್ವ ಗಂಡನಿಗೆ ಬೆನ್ನು ಮಾಡಿ ತಲೆ ಬಗ್ಗಿಸಿದಳು. ಕಣ್ಣು ಮಾತ್ರ ಸೋನಾಲಿಯ ಮೇಲಿಂದ ತೆಗೆಯಲಿಲ್ಲ. ಖಂಡಪ್ಪನಿಗೆ ಬರುತ್ತಿದ್ದುದು ಒಂದೇ ಗಂಟು. ದಾರವನ್ನು ಒಮ್ಮೆ ಸುತ್ತಿ, ಮತ್ತೊಮ್ಮೆ ಸುತ್ತಿ, ತುದಿಯನ್ನು ಅಡಿಯಿಂದ ತೂರಿಸಿ ಬಿಗಿದ. ಆಮೇಲೆ, ಬಿದಿರಿನ ಮೇಲೆ ಕಾಲಿಡುವ ಮೊದಲು ದಿನವೂ ಮಾಡುವಂತೆ, ಎರಡು ಸಲ ಜಗ್ಗಿ ನೋಡಿದ. ಹನುಮವ್ವನ ತಲೆ ಎರಡು ಸಲ ಹಿಂದಕ್ಕೆ ವಾಲಿತು.

"ಇನ್ನೊಮ್ಮಿ ಜಗ್ಗು," ಎಂದಳು.

ಅವನು ಜಗ್ಗಿದ.